ಮುಟ್ಟಿದ್ದಕ್ಕೆ ಬರೆ

ದಡ್ಡಿ
ತಾ. ೩೦-೯-೨೦೦೪

ಚಿರಂಜೀವಿ ಶುಭಾಂಗಿಗೆ ನಿನ್ನ ಅತ್ತೆ ರಾಜಮತಿಯ ಆಶೀರ್ವಾದ, ಜಯ ಜಿನೇಂದ್ರ.

ದಶಲಕ್ಷಣ ಪರ್ವ ಮುಗಿಯಿತು. ಹತ್ತು ದಿನ ಒಪ್ಪತ್ತು ಊಟದ ಮೇಲಿದ್ದೆ, ಮೈಯಲ್ಲಿ ತ್ರಾಣ ಉಳಿದಿಲ್ಲ. ನಿನ್ನೆ ಬಸದಿಯ ಅಂಗಳದಲ್ಲಿ ಕ್ಷಮಾವಣಿ ಆಯಿತು, ಎಲ್ಲರೂ ಎಲ್ಲರಿಗೂ ಕೈ ಮುಗಿದರು. ನೀನು ಎದುರಿಗಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಳೆದ ವರ್ಷದಲ್ಲಿ ಮನ, ವಚನ, ಕಾಯದಿಂದ, ತಿಳಿದೋ ತಿಳಿಯದೆಯೋ ನನ್ನಿಂದ ನಿನಗೆ ನೋವಾಗಿದ್ದರೆ ಕ್ಷಮಿಸಬೇಕು. ಉತ್ತಮ ಕ್ಷಮಾ.

ಬೇರೆಯವರಿಗೆಲ್ಲ ಕಾರ್ಡು ಹಾಕಿದೆ, ಇಷ್ಟೇ ಬರೆದೆ. ನಿನಗೆ ಇನ್‌ಲ್ಯಾಂಡ್ ತರಿಸಿದ್ದೆ, ಜಾಗ ಉಳಿಯಿತು. ನಿನ್ನ ಹೆಸರಿನ ಹಿಂದೆ ‘ಸೌ.’ ಎಂದು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ನಿನ್ನ ಗಂಡ ಮುನಿದೀಕ್ಷೆ ತೆಗೆದುಕೊಂಡು ಒಂದು ವರ್ಷ ಏಳು ತಿಂಗಳಾಯಿತು. ಹೆತ್ತ ಮಗನನ್ನು ನಾನೂ ಈಗ ಮಹಾರಾಜರು ಎನ್ನಬೇಕು, ಅನ್ನುತ್ತೇನೆ. ಆದರೆ ಮುನಿಗಳ ಹೆಂಡತಿಯಾಗಿದ್ದವಳ ಹೆಸರಿನ ಹಿಂದೆ ಏನು ಬರೆಯಬೇಕೆಂದು ನಾನು ಕಲಿತ ನಾಲ್ಕು ಇಯತ್ತೆಯಲ್ಲಿ ಹೇಳಿಕೊಟ್ಟಿರಲಿಲ್ಲ. ಚಿರಂಜೀವಿ ಅಂದರೆ ತಪ್ಪಾಗಲಾರದು.

ಮನೆ ಬಿಟ್ಟು ಗೋಕಾಕಕ್ಕೆ ಹೋಗಿ ನಾಲ್ಕು ತಿಂಗಳಾಯಿತು. ಅಲ್ಲಿ ಏನು ಕಲಿಯುತ್ತಾಳೆ ಎಂದು ಕೇಳಿದವರಿಗೆ ‘ಕಂಪ್ಯೂಟರ್’ ಎನ್ನುತ್ತೇನೆ. ಅದರ ಮುಂದೆ ಕೇಳಿದರೆ ಒಲೆ ನೋಡಲು ಒಳಗೆ ಹೋಗುತ್ತೇನೆ. ಹೊತ್ತು ಮುಳುಗುವ ಮೊದಲು ಊಟ ಆಗುತ್ತದೆಯೋ?

ನಿನ್ನ ಅತ್ತೆ,
ರಾಜಮತಿ


ಗೋಕಾಕ
ತಾ. ೧೭-೧೦-೨೦೦೪

ಪೂಜ್ಯ ಅತ್ತೆಯವರಿಗೆ ಶುಭಾಂಗಿಯ ಜಯ ಜಿನೇಂದ್ರ.

ಪತ್ರ ಮುಟ್ಟಿತು. ಹೋದ ವರ್ಷ ನಾನು ಮನೆಯಲ್ಲೇ ಇದ್ದಾಗಲೂ ಬಸದಿಯ ಅಂಗಳದಲ್ಲಿ ಇದೇ ಮಾತು ಹೇಳಿ ಕೈ ಮುಗಿದಿದ್ದಿರಿ. ನಾನೂ ಮುಗಿದಿದ್ದೆ. ಈ ವರ್ಷವೂ ನನ್ನಿಂದಾದ ತಪ್ಪಿಗೆ ಕ್ಷಮೆ ಇರಲಿ.

ನಾನು ಕಲಿಯುತ್ತಿರುವುದಕ್ಕೆ ನೆಟ್‌ವರ್ಕಿಂಗ್ ಎನ್ನುತ್ತಾರೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾತು ಹೋಗುವಂತೆ ದಾರಿ ಮಾಡುವ ಕೆಲಸ. ಇದು ಸಮುದಾಯ ಕಾಲೇಜು. ಓದು ಅರ್ಧಕ್ಕೆ ಬಿಟ್ಟವರು, ಕೆಲಸಕ್ಕೆ ಹೋಗುವವರು, ನನ್ನಂಥವರು ಬರುತ್ತಾರೆ. ಹಗಲಿನಲ್ಲಿ ಯಂತ್ರಗಳು ಡಿಪ್ಲೊಮಾದವರಿಗೆ, ನಮಗೆ ನಾಲ್ಕರಿಂದ ಏಳೂವರೆ. ಐದೂವರೆಗೆ ಹತ್ತು ನಿಮಿಷ ಬಿಡುತ್ತಾರೆ. ಆಗ ಬೇವಿನ ಗಿಡದ ಕೆಳಗೆ ಡಬ್ಬಿ ತೆಗೆದು ಎರಡು ರೊಟ್ಟಿ ತಿನ್ನುತ್ತೇನೆ. ಉಳಿದವರು ಏಳೂವರೆಯ ಮೇಲೆ ಮನೆಗೆ ಹೋಗಿ ಬಿಸಿ ಉಣ್ಣುತ್ತಾರೆ. ನನಗೆ ‘ಐದೂವರಿ ಅಕ್ಕಾ’ ಎಂದು ಹೆಸರಿಟ್ಟಿದ್ದಾರೆ. “ಅಕ್ಕಾ ಡಬ್ಬಿ ತಗದ್ಲು, ಗಡಿಯಾರ ಹೊಂದಿಸ್ಕೊಳ್ರೆಪಾ” ಎಂದು ನಗುತ್ತಾರೆ. ನಾನೂ ನಗುತ್ತೇನೆ. ಸಿಟ್ಟಾಗುವಷ್ಟು ಶಕ್ತಿ ಆ ಹೊತ್ತಿಗೆ ಇರುವುದಿಲ್ಲ.

ಮೊದಲು ಕಲಿಸಿದ್ದು ಕೇಬಲ್ಲಿಗೆ ತುದಿ ಹಚ್ಚುವುದು. ಒಂದು ಕೇಬಲ್ಲಿನೊಳಗೆ ಬಣ್ಣಬಣ್ಣದ ಎಂಟು ಎಳೆ ಇರುತ್ತವೆ. ಎಂಟನ್ನೂ ಒಂದೇ ಸಾಲಿನಲ್ಲಿ ಕೂಡಿಸಬೇಕು, ಹಿಂದೆ ಮುಂದಾದರೆ ಮಾತು ದಾಟುವುದಿಲ್ಲ. ಮೂರು ದಿನ ತಪ್ಪಿದೆ. ನಾಲ್ಕನೆಯ ದಿನ ನೀವು ಕಲಿಸಿದ ಅಷ್ಟದ್ರವ್ಯದ ಸಾಲು ಹಿಡಿದೆ: ಜಲ, ಗಂಧ, ಅಕ್ಷತೆ, ಪುಷ್ಪ, ಚರು, ದೀಪ, ಧೂಪ, ಫಲ. ಬಿಳಿ-ಕೇಸರಿ ಎಳೆ ಜಲ, ಬರೀ ಕೇಸರಿ ಗಂಧ, ನೀಲಿ ಪುಷ್ಪ, ಕೊನೆಯ ಕಂದು ಫಲ. ಆಮೇಲೆ ಒಂದೂ ತಪ್ಪಿಲ್ಲ. ನನ್ನ ತುಟಿ ಅಲ್ಲಾಡುವುದನ್ನು ನೋಡಿ ನಮ್ಮ ಶಿದ್ರಾಮ ಸರ್, “ಅದಕ್ಕೇನ ಮಂತ್ರಾ ಹಾಕಾಕತ್ತೀಯೆವಾ ತಂಗಿ?” ಎಂದು ಕೇಳಿದರು. “ಪೂಜಾ ಮಾಡಾಕತ್ತೇನ್ರಿ ಸರ್” ಅಂದೆ.

ಇದು ತಪ್ಪಾದರೆ ತಿಳಿಸಿ.

ಇಂತಿ,
ಶುಭಾಂಗಿ


ದಡ್ಡಿ
ತಾ. ೨೧-೧೧-೨೦೦೪

ಚಿ. ಶುಭಾಂಗಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ಸಿಟ್ಟು ಬಂತು. ಭಗವಂತನಿಗೆ ಏರಿಸುವ ದ್ರವ್ಯದ ಹೆಸರನ್ನು ವಾಯರಿಗೆ ಇಡುವುದೆಂದರೇನು? ಅದಕ್ಕೇ ಒಂದು ತಿಂಗಳು ಉತ್ತರ ಬರೆಯಲಿಲ್ಲ. ಆದರೆ ಮರುದಿನವೇ ಪೂಜೆಯಲ್ಲಿ ಹೂ ಏರಿಸುವಾಗ ‘ನೀಲಿ’ ಎಂದು ಮನಸ್ಸಿನಲ್ಲಿ ಬಂದುಬಿಟ್ಟಿತು. ಈಗ ದಿನಾ ಬರುತ್ತದೆ. ದೀಪಕ್ಕೆ ಯಾವ ಬಣ್ಣ ಎಂದು ನೀನು ಬರೆದಿಲ್ಲ, ಅಲ್ಲಿಗೆ ಬಂದು ನಿಲ್ಲುತ್ತೇನೆ. ತಪ್ಪು ಎಂದು ಹೇಳಲು ನನಗೆ ಬಾಯಿ ಉಳಿದಿಲ್ಲ.

ಬಾಜೂ ಮನೆಯ ಯಮನವ್ವ ಮೊನ್ನೆ ಕಟ್ಟೆಗೆ ಬಂದು ಕುಳಿತಳು. “ಏನವಾ, ಸೊಸಿ ವಾಯರ್‌ಮ್ಯಾನ್ ಆಗ್ಯಾಳಂತಲ್ಲ? ನಮ್ಮನಿ ಕರೆಂಟ ಹೋಗಿ ಮೂರ ದಿನಾ ಆತು, ಒಂದೀಟ ಬಂದು ಹೋಗಂತ ಹೇಳ” ಎಂದಳು.

“ಆಕಿದು ಕರೆಂಟಿನ ಕೆಲಸಲ್ಲ, ಮಾತ ದಾಟಸೂ ಕೆಲಸ” ಅಂದೆ.

“ಹಂಗಾದ್ರ ಮೊದಲ ನಿಮ್ಮ ಮನ್ಯಾಗ ಒಂದ ವಾಯರ್ ಎಳ್ಯಾಕ ಹೇಳ. ಅತ್ತಿ ಒಂದ ಕಡೆ, ಮಾವ ಒಂದ ಕಡೆ, ಒಬ್ರದ ಒಬ್ರಿಗೆ ಕೇಳಸಂಗಿಲ್ಲ.”

ನಕ್ಕೆ. ಒಳಗೆ ನಿನ್ನ ಮಾವನವರು ಕೇಳಿಸಿಕೊಂಡಿರಬೇಕು, ಅವರು ನಗಲಿಲ್ಲ.

ನಿನ್ನ ದೊಡ್ಡ ಮಾವನವರು ಮಾತ್ರ ಬಿಡುತ್ತಿಲ್ಲ. “ಮುನಿಗಳ ಮನಿಯಾಕಿ ಗಂಡಸರ ನಡುವ ಕುಂತು ವಾಯರ್ ಸುಲೀತಾಳ ಅಂದ್ರ ಏನ ಶೋಭಾ? ಮಾತಾಜಿಯವರ ಸಂಘದಾಗ ಬಿಟ್ಟು ದೀಕ್ಷಾ ಕೊಡಿಸಿದ್ರ ಆಕಿ ಜನ್ಮನೂ ಉದ್ಧಾರ, ಮನಿತನಾನೂ ಉದ್ಧಾರ” ಎನ್ನುತ್ತಾರೆ. ನಿನ್ನ ತವರಿಗೂ, ಮೂಡಲಗಿಗೆ, ಹೇಳಿ ಕಳಿಸಿದ್ದಾರಂತೆ. ನಾನು ಎದುರಾಡಿಲ್ಲ, ಹೌದು ಎಂದೂ ಅಂದಿಲ್ಲ. ನನಗೆ ಈಗ ಎರಡೂ ಆಗುವುದಿಲ್ಲ.

ಗುರೆಳ್ಳು ಚಟ್ನಿ ಪುಡಿ ಕಳಿಸಿದ್ದೇನೆ. ಬಳ್ಳೊಳ್ಳಿ ಹಾಕಿಲ್ಲ.

ನಿನ್ನ ಅತ್ತೆ,
ರಾಜಮತಿ


ಗೋಕಾಕ
ತಾ. ೬-೩-೨೦೦೫

ಪೂಜ್ಯ ಅತ್ತೆಯವರಿಗೆ ಜಯ ಜಿನೇಂದ್ರ.

ದೀಪಕ್ಕೆ ಹಸಿರು. ಇಷ್ಟು ತಡವಾಗಿ ತಿಳಿಸುತ್ತಿದ್ದೇನೆ. ಬರೆಯಬೇಕೆಂದು ದಿನಾ ಅಂದುಕೊಳ್ಳುವುದು, ಕೋಣೆಗೆ ಬಂದು ಹಾಗೇ ಒರಗುವುದು. ವಾರದಲ್ಲಿ ಎರಡು ದಿನ ಕರೆಂಟ್ ಇರುವುದಿಲ್ಲ. ಆ ದಿನ ಸರ್ ಹಲಗೆಯ ಮೇಲೆ ಕಲಿಸುತ್ತಾರೆ.

ಕಳೆದ ವಾರ ಒಂದು ಪಾಠ ಹೇಳಿದರು. ಒಂದು ಯಂತ್ರ ಇನ್ನೊಂದರ ಜೊತೆ ಮಾತಾಡಬೇಕಾದರೆ ಸುಮ್ಮನೆ ಮಾತು ಸುರಿಯುವಂತಿಲ್ಲ. ಮೊದಲು ‘ಮಾತಾಡಲೇ?’ ಎಂದು ಕೇಳಬೇಕು. ಆಚೆಯದು ‘ಕೇಳಿಸಿತು, ಆಡು. ನನ್ನದು ನಿನಗೆ ಕೇಳಿಸುತ್ತದೆಯೇ?’ ಎನ್ನಬೇಕು. ಆಮೇಲೆ ಮೊದಲಿನದು ‘ಕೇಳಿಸಿತು’ ಎನ್ನಬೇಕು. ಈ ಮೂರು ಮಾತು ಮುಗಿಯುವ ತನಕ ಒಂದು ಅಕ್ಷರವೂ ದಾಟುವುದಿಲ್ಲ. ಸರ್ ನನ್ನನ್ನೂ ಇನ್ನೊಬ್ಬರನ್ನೂ ಎದುರುಬದುರು ನಿಲ್ಲಿಸಿ ಮಾಡಿ ತೋರಿಸಿದರು.

ಇನ್ನೊಂದು ಬಗೆಯೂ ಇದೆ. ಅದರಲ್ಲಿ ಕಳಿಸುವುದಷ್ಟೇ. ಮುಟ್ಟಿತೋ ಇಲ್ಲವೋ, ಆಚೆಯವರು ಒಪ್ಪಿದರೋ ಇಲ್ಲವೋ, ಯಾರೂ ಕೇಳುವುದಿಲ್ಲ. ಬೇಗ ಆಗುತ್ತದೆ. ನನಗೆ ಆ ಬಗೆ ಮೊದಲೇ ಗೊತ್ತಿತ್ತು ಅನಿಸಿತು.

ಬೇಸರ ಮಾಡಿಕೊಳ್ಳಬೇಡಿ. ಚಟ್ನಿ ಪುಡಿ ಮುಗಿಯುತ್ತ ಬಂತು.

ಇಂತಿ,
ಶುಭಾಂಗಿ


ಗೋಕಾಕ
ತಾ. ೨೬-೬-೨೦೦೫

ಪೂಜ್ಯ ಅತ್ತೆಯವರಿಗೆ ಜಯ ಜಿನೇಂದ್ರ.

ನಾನು ಬರೆದು ಮೂರು ತಿಂಗಳ ಮೇಲಾಯಿತು, ನಿಮ್ಮಿಂದ ಪತ್ರವಿಲ್ಲ. ಈಗ ಒಂದು ಕೆಲಸಕ್ಕೆ ಬರೆಯುತ್ತಿದ್ದೇನೆ.

ಮೊದಲ ಹಂತದ ಪರೀಕ್ಷೆ ಪಾಸಾದೆ. ಮುಂದಿನ ಹಂತಕ್ಕೆ ಅಡ್ವಾನ್ಸ್ಡ್ ನೆಟ್‌ವರ್ಕಿಂಗ್ ಎನ್ನುತ್ತಾರೆ, ಒಂದು ವರ್ಷ. ಒಂದೂರಿನ ಯಂತ್ರಗಳನ್ನು ಇನ್ನೊಂದೂರಿನವುಗಳಿಗೆ ಕೂಡಿಸುವುದು, ಒಂದು ದಾರಿ ಕಡಿದರೆ ಇನ್ನೊಂದು ದಾರಿ ತಾನೇ ಹಿಡಿಯುವಂತೆ ಮಾಡುವುದು, ಇದೆಲ್ಲ ಅದರಲ್ಲಿದೆ. ಹನ್ನೆರಡೇ ಜಾಗ, ನನ್ನ ಹೆಸರು ಪಟ್ಟಿಯಲ್ಲಿದೆ. ಅದನ್ನು ಮುಗಿಸಿದರೆ ಇದೇ ಲ್ಯಾಬಿನಲ್ಲಿ ಸಹಾಯಕಿಯ ಕೆಲಸ ಕೊಡಿಸುವುದಾಗಿ ಶಿದ್ರಾಮ ಸರ್ ಹೇಳಿದ್ದಾರೆ.

ಜೊತೆಗಿಟ್ಟಿರುವ ಫಾರ್ಮು ನೋಡಿ. ಮದುವೆಯಾದ ಹೆಣ್ಣುಮಕ್ಕಳು ಗಂಡನ ಸಮ್ಮತಿ ಸಹಿ ತರಬೇಕು. ಗಂಡ ಇಲ್ಲದಿದ್ದರೆ ಅವನ ಮನೆಯ ಹಿರಿಯರದು. ಕಚೇರಿಯ ಬಸವಣ್ಣೆಪ್ಪನವರ ಮುಂದೆ ಅರ್ಧ ತಾಸು ನಿಂತಿದ್ದೆ.

“ಗಂಡ ಅದಾರೋ ಇಲ್ಲೋ, ಒಂದ ಮಾತ ಹೇಳ್ರಿ. ಇದ್ರ ಸಹಿ ತರ್ರಿ. ತೀರಿಕೊಂಡಿದ್ರ ದಾಖಲೆ ತರ್ರಿ.”

“ಮುನಿದೀಕ್ಷಾ ತಗೊಂಡಾರ್ರಿ.”

ಅವರು ಕನ್ನಡಕ ತೆಗೆದು ಫಾರ್ಮನ್ನು ಮೇಲಿಂದ ಕೆಳಗೆ ನೋಡಿದರು. “ನಮಸ್ಕಾರ ಅವರಿಗೆ. ಆದ್ರ ಅದಕ್ಕ ನಮ್ಮ ಫಾರ್ಮಿನ್ಯಾಗ ಕಾಲಂ ಇಲ್ಲ ನೋಡವಾ. ಅತ್ತಿ ಮಾವ ಇದ್ರ ಸಹಿ ಮಾಡಿಸ್ಕೊಂಡ ಬಾ” ಎಂದರು.

ಅಣ್ಣ ಪ್ರತೀಕ ಕೈ ತೊಳೆದುಕೊಂಡಿದ್ದಾನೆ. “ಈ ಸೀಟ ಸಿಗಲಿಲ್ಲಂದ್ರ ದೀಪಾವಳಿ ಆದ ಮ್ಯಾಲೆ ಮಾತಾಜಿಯವರ ಸಂಘಕ್ಕ ಬಿಟ್ಟ ಬರತೇನಿ, ಮತ್ತೇನೂ ಮಾತಿಲ್ಲ” ಎಂದಿದ್ದಾನೆ. ಧರ್ಮ ಬೇಡವೆಂದು ನಾನು ಯಾವತ್ತೂ ಅಂದವಳಲ್ಲ ಅತ್ತೆ. ಹೊತ್ತು ಮುಳುಗಿದ ಮೇಲೆ ಇಲ್ಲಿ ಒಂದು ಗುಟುಕು ನೀರೂ ಕುಡಿದಿಲ್ಲ. ಆದರೆ ಸಂಘಕ್ಕೆ ಹೋಗುವುದಾದರೆ ನನ್ನ ಕಾಲಿನಿಂದ ಹೋಗಬೇಕು.

ಜುಲೈ ಮೂವತ್ತು ಕೊನೆಯ ದಿನ. ನಿಮ್ಮದೊಂದು ಸಹಿ ಸಾಕು.

ಇಂತಿ,
ಶುಭಾಂಗಿ


ದಡ್ಡಿ
ತಾ. ೧೦-೭-೨೦೦೫

ಚಿ. ಶುಭಾಂಗಿಗೆ ಆಶೀರ್ವಾದ.

ಫಾರ್ಮು ಮುಟ್ಟಿತು. ದೇವರ ಕೋಣೆಯಲ್ಲಿ ಶಾಸ್ತ್ರದ ಪುಸ್ತಕದ ಕೆಳಗೆ ಇಟ್ಟಿದ್ದೇನೆ.

ನಿನ್ನ ಮಾವನವರಿಗೆ ತೋರಿಸಿದೆ. “ಅಣ್ಣನ್ನ ಕೇಳು” ಅಂದರು. ದೊಡ್ಡ ಮಾವನವರಿಗೆ ತೋರಿಸಿದೆ. “ಇದ್ಕ ಹಿರೇರ ಸಹಿ ಬೇಕಂದ್ರ ನಾ ಮಾಡಂಗಿಲ್ಲ, ಈ ಮನ್ಯಾಗ ಯಾರೂ ಮಾಡಬಾರ್ದು” ಅಂದರು. ನನಗೆ ಸಹಿ ಮಾಡಲು ಬರುತ್ತದೆ ಎನ್ನುವುದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ. ನಾನೂ ನೆನಪು ಮಾಡಿಕೊಡಲಿಲ್ಲ.

ಮಹಾರಾಜರ ಚಾತುರ್ಮಾಸ ಈ ಸಲ ಹುಕ್ಕೇರಿಯಲ್ಲಿ. ಹುಣ್ಣಿಮೆಯ ಮರುದಿನ ಹೋಗಬೇಕೆಂದಿದ್ದೇನೆ. ಫಾರ್ಮನ್ನು ಅವರ ಮುಂದೆಯೇ ಇಡುತ್ತೇನೆ. ಅವರು ಏನಾದರೂ ಅಂದರೆ ಆಮೇಲೆ ಇಲ್ಲಿ ಯಾರ ಬಾಯಿಯೂ ಏಳುವುದಿಲ್ಲ. ಅಲ್ಲಿಯ ತನಕ ತಾಳು.

ನಿನ್ನ ಅತ್ತೆ,
ರಾಜಮತಿ


ದಡ್ಡಿ
ತಾ. ೨೩-೭-೨೦೦೫

ಚಿ. ಶುಭಾಂಗಿಗೆ ಆಶೀರ್ವಾದ.

ನಿನ್ನೆ ಹುಕ್ಕೇರಿಗೆ ಹೋಗಿ ಬಂದೆ. ಮಳೆಯಲ್ಲಿ ಬಸ್ಸಿನೊಳಗೂ ನೆನೆದೆ. ಫಾರ್ಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀರೆಯೊಳಗೆ ಇಟ್ಟುಕೊಂಡಿದ್ದೆ.

ಬಹಳ ಮಂದಿ ಇದ್ದರು. ನನಗಿಂತ ಮುಂದೆ ನಲವತ್ತು ಜನ. ನಾನು ತಾಯಿ ಎಂದು ಹೇಳಿ ಮುಂದೆ ಹೋಗಬಹುದಿತ್ತು, ಹೇಳಲಿಲ್ಲ. ಸರದಿ ಬಂದಾಗ ತಲೆ ಎತ್ತಿ ನೋಡಲು ಆಗಲಿಲ್ಲ. ಪಾದ ನೋಡಿದೆ. ಸಣ್ಣವನಿದ್ದಾಗ ಕುಡಗೋಲು ತಾಗಿದ ಕಲೆ ಎಡಗಾಲಿನ ಹೆಬ್ಬೆರಳಿನ ಹತ್ತಿರ ಹಾಗೇ ಇದೆ. ಅದನ್ನು ನೋಡಿಯೇ ನಮಸ್ಕಾರ ಮಾಡಿದೆ.

ನಿನ್ನೆ ಅವರಿಗೆ ಮೌನವ್ರತವಿತ್ತು. ಫಾರ್ಮು ಮುಂದಿಟ್ಟು, “ಶುಭಾಂಗಿ ಮುಂದ ಕಲ್ಯಾಕ ಕೇಳತಾಳ್ರಿ, ಒಪ್ಪಿಗಿ ಬೇಕಾಗೇತಿ” ಎಂದೆ. ಅವರು ಓದಿದರು. ಪೂರ್ತಿ ಓದಿದರು. ‘ಪತಿಯ ಹೆಸರು’ ಎಂದು ಇದ್ದಲ್ಲಿ ನೀನು ಬರೆದ ಹಳೆಯ ಹೆಸರಿನ ಮೇಲೆ ಕಣ್ಣು ನಿಂತದ್ದು ನಾನು ನೋಡಿದೆ. ಆಮೇಲೆ ಎಲ್ಲರಿಗೂ ಎತ್ತುವಂತೆ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಹಿಂದಿನವರು ನನ್ನನ್ನು ಸರಿಸಿದರು.

ಅದೇ ಒಪ್ಪಿಗೆ ಎಂದು ತಿಳಿದು, ನಾನೇ ಅಲ್ಲಿಯ ಪಂಡಿತರಿಗೆ ಹೇಳಿ, ಸಹಿಯ ಜಾಗದಲ್ಲಿ ಗಂಧದಿಂದ ಸ್ವಸ್ತಿಕ ಬರೆಸಿದ್ದೇನೆ. ಅಕ್ಷತೆಯನ್ನೂ ಹಾಕಿಸಿದೆ. ಇದಕ್ಕಿಂತ ದೊಡ್ಡ ಸಹಿ ಯಾರದಿದ್ದೀತು? ಫಾರ್ಮನ್ನು ಜೊತೆಗೆ ಕಳಿಸಿದ್ದೇನೆ. ಇನ್ನು ಚಿಂತೆ ಬಿಡು.

ನಿನ್ನ ಅತ್ತೆ,
ರಾಜಮತಿ


ಗೋಕಾಕ
ತಾ. ೩೦-೭-೨೦೦೫

ಅತ್ತೆಯವರಿಗೆ,

ಲಕೋಟೆ ಬಿಚ್ಚಿದಾಗ ಅಕ್ಕಿಕಾಳು ನೆಲಕ್ಕೆ ಚೆಲ್ಲಿದವು. ಒಂದೊಂದಾಗಿ ಆರಿಸಿ ತೆಗೆದೆ. ಗಂಧ ಹಸಿಯಿದ್ದಾಗಲೇ ಮಡಿಸಿದ್ದಿರಿ. ಸಹಿಯ ಕಾಲಂ, ನನ್ನ ಹೆಸರು, ಅವರ ಹೆಸರು ಎಲ್ಲ ಹಳದಿಯಾಗಿ ಅಂಟಿಕೊಂಡಿವೆ.

ಆದರೂ ತೆಗೆದುಕೊಂಡು ಹೋದೆ. ಬಸವಣ್ಣೆಪ್ಪನವರು ಮೂಸಿ ನೋಡಿ, “ಇದೇನ ಲಗ್ನಪತ್ರಿಕೇನವಾ?” ಎಂದರು. ಹಿಂದೆ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಅವರೇ ಎದ್ದು ಬಂದು ಹೊಸ ಫಾರ್ಮು ಕೊಟ್ಟರು. ಹೊಳೆ ತುಂಬಿ ಬಸ್ಸು ನಿಂತಿದ್ದರಿಂದ ಕೊನೆಯ ದಿನವನ್ನು ಆಗಸ್ಟ್ ಹತ್ತಕ್ಕೆ ದೂಡಿದ್ದಾರೆ. ಅದರಾಚೆ ಇಲ್ಲ. ನನ್ನ ಹಿಂದೆ ಕಾಯುವವರ ಪಟ್ಟಿಯಲ್ಲಿ ಏಳು ಜನ ಇದ್ದಾರೆ.

ಅವರು ಪಿಂಛಿ ಎತ್ತಿದ್ದು ಆಶೀರ್ವಾದ. ಅದು ಉತ್ತರವಲ್ಲ. ಎತ್ತಿದ ಕೈಯನ್ನು ಒಪ್ಪಿಗೆ ಎಂದು ತಿಳಿಯುವುದು ನಮ್ಮ ಮನೆಯಲ್ಲಿ ಇದೇ ಮೊದಲಲ್ಲ. ದೀಕ್ಷೆಯ ಪೆಂಡಾಲಿನಲ್ಲಿ ಏನಾಯಿತೆಂದು ನಿಮಗೂ ಗೊತ್ತು, ನನಗೂ ಗೊತ್ತು. ಇಷ್ಟು ದಿನ ಬರೆದಿಲ್ಲ, ಈಗಲೂ ಬರೆಯುವುದಿಲ್ಲ.

ಹೊಸ ಫಾರ್ಮು ಇಟ್ಟಿದ್ದೇನೆ. ಆದರೆ ಮಾಡಿ, ಆಗದಿದ್ದರೆ ಬಿಡಿ. ಬೇರೆ ಯಾರನ್ನೂ ಕೇಳಲು ಹೋಗಬೇಡಿ. ನನಗೆ ಸಾಕಾಗಿದೆ.

ಶುಭಾಂಗಿ


ದಡ್ಡಿ
ತಾ. ೧೪-೮-೨೦೦೫

ಚಿ. ಶುಭಾಂಗಿಗೆ ಆಶೀರ್ವಾದ.

ಸುಖವಾಗಿ ಬಂದು ಮುಟ್ಟಿದೆ. ಘಟಪ್ರಭಾದಲ್ಲಿ ಬಸ್ಸು ಬದಲಿಸಿ, ಧುಪದಾಳದ ಹತ್ತಿರ ಬರುವಾಗ ಎರಡೂ ಕಡೆ ಕೆಂಪು ನೀರು, ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡು ಕುಳಿತಿದ್ದೆ.

ಒಂಬತ್ತನೆಯ ತಾರೀಖು ನಾನು ನಿನ್ನ ಕಾಲೇಜಿನ ಬಾಗಿಲಲ್ಲಿ ನಿಂತಾಗ ನಿನ್ನ ಮುಖ ನೋಡಿದೆ. ಬರಬಹುದು ಎಂದು ನೀನು ಎಣಿಸಿರಲಿಲ್ಲ. ನಾನೂ ಹಿಂದಿನ ದಿನದ ತನಕ ಎಣಿಸಿರಲಿಲ್ಲ. ಮನೆಯಲ್ಲಿ ಯಮನವ್ವನ ಜೊತೆ ದವಾಖಾನೆಗೆ ಹೋಗುತ್ತೇನೆಂದು ಹೇಳಿದ್ದೆ. ಸುಳ್ಳಾಡಿ ನನ್ನ ಸತ್ಯವ್ರತ ಭಂಗವಾಯಿತು, ಪ್ರಾಯಶ್ಚಿತ್ತಕ್ಕೆ ಎರಡು ಉಪವಾಸ ಹಿಡಿದಿದ್ದೇನೆ. ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ಆ ಕಚೇರಿಯವರು ಒಳ್ಳೆಯವರು, ಮಾತು ಮಾತ್ರ ಹೆಚ್ಚು.

“ನಿಮಗೇನಾಗಬೇಕ್ರಿ ಈಕಿ?”

“ಸೊಸಿರಿ.”

“ಗಂಡ?”

“ನೀವು ಕೇಳೂ ಹೆಸರಿನವ್ರು ಈಗ ಇಲ್ಲರಿ. ಬ್ಯಾರೆ ಹೆಸರಿನವ್ರು ಅದಾರ, ಅವರು ನಮ್ಮವರಲ್ಲ, ಎಲ್ಲಾರವರೂ.”

“ಹೂಂ. ಹೆಬ್ಬೆಟ್ಟೇನ್ರಿ?” ಎಂದು ಶಾಯಿಯ ಡಬ್ಬಿ ಮುಂದಿಟ್ಟರು.

“ನಾಕನೇ ಇಯತ್ತೆ ಕಲ್ತೇನ್ರಿ. ಪೆನ್ನ ಕೊಡ್ರಿ” ಅಂದೆ.

ಪೆನ್ನು ಕಾಗದದ ಮೇಲೆ ಇಟ್ಟ ಮೇಲೆ ನನಗೆ ಕೈ ಮುಂದೆ ಹೋಗಲಿಲ್ಲ. ನೀನು ಬಾಜೂಕ್ಕೆ ನಿಂತಿದ್ದೆ. ನಾನು ತಿರುಗಿ, “ಮಾಡ್ಲೇನ?” ಎಂದು ನಿನ್ನನ್ನು ಕೇಳಿದೆ. ಅವರು ನಕ್ಕು, “ಸಹಿ ಹಾಕೂವ್ರು ನೀವು, ಆಕಿನ್ನೇನ ಕೇಳತೀರಿ ಯವಾ?” ಅಂದರು. ನೀನು “ಮಾಡ್ರಿ” ಎಂದೆ. ಆಮೇಲೆ ಮಾಡಿದೆ. ಸಂಬಂಧ ಎಂದು ಇದ್ದಲ್ಲಿ ‘ಅತ್ತೆ’ ಎಂದು ಬರೆದೆ, ಒತ್ತಕ್ಷರ ದೊಡ್ಡದಾಯಿತು.

ಲ್ಯಾಬಿನಲ್ಲಿ ನೀನು ಕೇಬಲ್ಲಿನ ತುದಿ ಸುಲಿದು ಎಂಟು ಎಳೆ ಬಿಡಿಸಿ ತೋರಿಸಿದೆ. ನಾನು ಬಾಯಲ್ಲಿ ಹೇಳುತ್ತ ಹೋದೆ, ನೀನು ಹಚ್ಚುತ್ತ ಹೋದೆ. ‘ದೀಪ’ ಅಂದಾಗ ಹಸಿರು ತಾನೇ ನಿನ್ನ ಬೆರಳಿಗೆ ಬಂತು. ಮನೆಯಲ್ಲಿ ಎರಡು ವರ್ಷ ನಾವಿಬ್ಬರೂ ಒಂದೇ ತಾಟಿನಲ್ಲಿ ದ್ರವ್ಯ ಹೊಂದಿಸುತ್ತಿದ್ದೆವು. ಆಮೇಲೆ ಗಿಡದ ಕೆಳಗೆ ನಿನ್ನ ಡಬ್ಬಿಯಿಂದ ನನಗೂ ಅರ್ಧ ರೊಟ್ಟಿ ಕೊಟ್ಟೆ.

ಹೇಳಬೇಕಾದ ಮಾತೊಂದಿತ್ತು. ನಿನ್ನ ಕೋಣೆಯಲ್ಲಿ ರಾತ್ರಿ ಉಳಿದರೂ ಹೇಳಲಿಲ್ಲ.

ಸಹಿ ಮಾಡಿದ ಸುದ್ದಿ ಇಲ್ಲಿ ಗೊತ್ತಾಗಿದೆ. ದೊಡ್ಡ ಮಾವನವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಿನ್ನ ಮಾವನವರು ಮೊದಲೇ ಹೆಚ್ಚು ಆಡುತ್ತಿರಲಿಲ್ಲ.

ನಿನ್ನ ಅತ್ತೆ,
ರಾಜಮತಿ


ದಡ್ಡಿ
ತಾ. ೧೯-೯-೨೦೦೫

ಚಿ. ಶುಭಾಂಗಿಗೆ,

ನಿನ್ನೆ ಕ್ಷಮಾವಣಿ. ಈ ವರ್ಷ ಯಾರಿಗೂ ಕಾರ್ಡು ಹಾಕಿಲ್ಲ. ಇದೊಂದೇ ಪತ್ರ.

‘ತಿಳಿದೋ ತಿಳಿಯದೆಯೋ’ ಎಂದು ಪ್ರತಿ ವರ್ಷ ಅಂದೆ. ಆ ಮಾತಿನಲ್ಲಿ ಅಡಗಿಕೊಳ್ಳಲು ಜಾಗ ಬಹಳ. ಈ ಸಲ ಬಿಡಿಸಿ ಬರೆಯುತ್ತೇನೆ.

ದೀಕ್ಷೆಯ ದಿನ ಪೆಂಡಾಲಿನಲ್ಲಿ ಆಚಾರ್ಯರು ಮೈಕಿನಲ್ಲಿ ಕೇಳಿದರು: “ಇವರ ಕುಟುಂಬದವರ ಸಮ್ಮತಿ ಇದೆಯೇ? ಪತ್ನಿಯ ಸಮ್ಮತಿ ಇದೆಯೇ? ಇದ್ದರೆ ಕೈ ಎತ್ತಿ.” ನೀನು ನನ್ನ ಎಡಗಡೆ ತಲೆ ಬಗ್ಗಿಸಿ ಕುಳಿತಿದ್ದೆ. ನಿನಗೆ ಇಪ್ಪತ್ತಮೂರು ವರ್ಷ. ನೀನು ಎತ್ತಲಿಲ್ಲ. ಸಾವಿರ ಮಂದಿ ನೋಡುತ್ತಿದ್ದರು. ನಾನು ನಿನ್ನ ಮುಂಗೈ ಹಿಡಿದು ಎತ್ತಿದೆ. ಮೈಕಿನವರು ‘ಧರ್ಮಪತ್ನಿಯವರು ಸಮ್ಮತಿ ಕೊಟ್ಟರು’ ಎಂದು ಕೂಗಿದರು, ಜನ ಜಯಕಾರ ಹಾಕಿದರು. ನಿನ್ನ ಮುಂಗೈಯ ಒಂದು ಬಳೆ ಒಡೆದು ನನ್ನ ಬೆರಳಿಗೆ ತಾಗಿತು. ಅದೂ ನನಗೆ ಗೊತ್ತಿದೆ.

ತಿಳಿಯದೆ ಮಾಡಿದ್ದಲ್ಲ. ತಿಳಿದೇ ಮಾಡಿದೆ. ಆಚಾರ್ಯರು ಕೇಳಿದ್ದು ನಿನ್ನನ್ನು. ಉತ್ತರ ಕೊಟ್ಟವಳು ನಾನು.

ಮೊನ್ನೆ ಕಚೇರಿಯಲ್ಲಿ ‘ಮಾಡ್ಲೇನ?’ ಎಂದು ನಿನ್ನನ್ನು ಕೇಳಿದಾಗ ಎಷ್ಟು ಸಣ್ಣ ಮಾತು ಅನಿಸಿತು. ಅಂದು ಇದೇ ಮಾತು ಕೇಳಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು?

ಕ್ಷಮಿಸು ಎಂದು ಕೇಳುತ್ತಿದ್ದೇನೆ. ಕ್ಷಮಿಸಲೇಬೇಕೆಂದು ಇಲ್ಲ. ನೀನು ಬರೆದ ಮೂರು ಮಾತಿನಲ್ಲಿ ಇದು ಮೊದಲಿನದು ಎಂದು ತಿಳಿ.

ರಾಜಮತಿ


ಗೋಕಾಕ
ತಾ. ೨-೧೦-೨೦೦೫

ಪೂಜ್ಯ ಅತ್ತೆಯವರಿಗೆ ಜಯ ಜಿನೇಂದ್ರ.

ಪತ್ರ ಮುಟ್ಟಿತು. ಓದಿದೆ, ಮತ್ತೆ ಓದಿದೆ.

ಕ್ಷಮೆ ಇನ್ನೂ ಬಂದಿಲ್ಲ. ಬಂದಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಕೇಳಿಸಿತು. ಎರಡೂವರೆ ವರ್ಷ ಆ ಕೈ ನನ್ನದಲ್ಲ ಎಂದು ಯಾರ ಮುಂದೆ ಹೇಳಬೇಕೆಂದು ತಿಳಿಯದೆ ಓಡಾಡಿದ್ದೇನೆ. ಈಗ ಇನ್ನೊಬ್ಬರಿಗೂ ಗೊತ್ತಿದೆ ಎಂದು ಕಾಗದದ ಮೇಲೆ ಇದೆ. ಅಷ್ಟು ಹಗುರಾಯಿತು.

ತರಗತಿ ಶುರುವಾಗಿದೆ. ಬಹಳ ಕಷ್ಟ. ಮೊದಲ ತಿಂಗಳ ಪರೀಕ್ಷೆಯಲ್ಲಿ ಹನ್ನೆರಡು ಜನರಲ್ಲಿ ನಾನು ಒಂಬತ್ತನೆಯವಳು. ಪ್ರತೀಕ ಬಂದು ಹೋದ. ದೀಪಾವಳಿಯ ಮಾತು ಎತ್ತಲಿಲ್ಲ.

ನನ್ನದೂ ಒಂದು ಕೇಳುವುದಿದೆ. ಅಂದು ನಾನು ತಲೆ ಬಗ್ಗಿಸಿಕೊಂಡಿದ್ದರೂ ಓರೆಗಣ್ಣಿನಿಂದ ಎಲ್ಲ ಕಾಣುತ್ತಿತ್ತು. ಕುಟುಂಬದವರು ಎಂದಾಗ ಮಾವನವರು ಎತ್ತಿದರು, ದೊಡ್ಡ ಮಾವನವರು ಎತ್ತಿದರು. ನಿಮ್ಮ ಒಂದು ಕೈ ನನ್ನ ಮುಂಗೈ ಹಿಡಿದಿತ್ತು. ಇನ್ನೊಂದು ಕೈ ಎಲ್ಲಿತ್ತು ಅತ್ತೆ?

ಇಂತಿ,
ಶುಭಾಂಗಿ


ದಡ್ಡಿ
ತಾ. ೧೦-೧೦-೨೦೦೫

ಚಿ. ಶುಭಾಂಗಿಗೆ ಆಶೀರ್ವಾದ.

ಕೇಳಿಸಿತು.

ಇನ್ನೊಂದು ಕೈ ನನ್ನ ಮಡಿಲಲ್ಲಿತ್ತು. ಎತ್ತಬೇಕೆಂದು ಬಹಳ ಹೊತ್ತು ನೋಡಿದೆ, ಏಳಲಿಲ್ಲ. ಅವನು ನನ್ನ ಕಡೆಗೇ ನೋಡುತ್ತಿದ್ದ. ಮನೆಯ ಹೆಂಗಸರದು ಒಂದು ಕೈಯಾದರೂ ಮೇಲೆ ಕಾಣಬೇಕಿತ್ತು. ಅದಕ್ಕೇ ನಿನ್ನದನ್ನು ಎತ್ತಿದೆ.

ಗುರೆಳ್ಳು ಚಟ್ನಿ ಪುಡಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ್ದೇನೆ. ಮುಟ್ಟಿದ್ದಕ್ಕೆ ಬರೆ.

ನಿನ್ನ ಅತ್ತೆ,
ರಾಜಮತಿ